ಎಕ್ಸಲೇಟರ್ ಒತ್ತಿದರೆ ಗುಡುಗುಡು

ಸಪ್ಪಳದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ರೋಣದ ಪೇಟೆಯಲ್ಲಿ ನನ್ನದು ಭಾಂಡೆ ಅಂಗಡಿ. ಕೊಡ, ತಂಬಿಗೆ, ಹಂಡೆಗಳನ್ನು ಬೆರಳಿನಿಂದ ಬಡಿದು ಬಡಿದೇ ನಮ್ಮ ಮನೆತನ ಇಲ್ಲಿಯವರೆಗೆ ಬದುಕಿದೆ. ಗಿರಾಕಿ ಹಳೆಯ ಕೊಡ ತಂದು ಎದುರಿಗಿಟ್ಟರೆ ಸಾಕು, ನಾನು ಅದನ್ನು ಒಮ್ಮೆ ಬಡಿದು, ಕಣ್ಣು ಮುಚ್ಚಿ, “ತಳದಾಗ ಸೀಳೈತ್ರಿ” ಎಂದು ಹೇಳಿಬಿಡುತ್ತೇನೆ. ನೀರು ಹಾಕಿ ನೋಡಿದರೆ ಖರೇ ಸೋರುತ್ತಿರುತ್ತದೆ. ಇಂಥ ಕಿವಿ ಇರುವವನಿಗೆ ಒಂದು ಕಾರಿನ ಸಪ್ಪಳ ಯಾವ ಲೆಕ್ಕ?

ಕಾರು ಕೊಂಡದ್ದಕ್ಕೆ ಕಾರಣ ನನ್ನ ಮಗಳು ಕಾವ್ಯಾ. ಆಕೆಯನ್ನು ನರಗುಂದಕ್ಕೆ ಕೊಟ್ಟಿದ್ದೇವೆ. ಆಕೆ ಬಸುರಿ ಎಂಬ ಸುದ್ದಿ ಬಂದ ದಿನವೇ ನಾನು ಒಂದು ಹಟ ಹಿಡಿದೆ. ಸೀಮಂತದ ಕುಬಸ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ನನ್ನ ಮಗಳು ತವರಿಗೆ ಬರಬೇಕು, ಬರುವುದಾದರೆ ಅಪ್ಪನ ಸ್ವಂತ ಕಾರಿನಲ್ಲಿ ಬರಬೇಕು. ಬಾಡಿಗೆ ಗಾಡಿಯಲ್ಲಿ ಅಲ್ಲ. ಬೀಗರ ಓಣಿಯ ಮಂದಿ ಕಟ್ಟೆಯ ಮೇಲೆ ಕೂತು ನೋಡುತ್ತಿರಬೇಕು, ನಾನು ಬಾಗಿಲು ತೆಗೆದು ಮಗಳನ್ನು ಕೂಡಿಸಿಕೊಂಡು ಹೊರಡಬೇಕು. ಈ ದೃಶ್ಯವನ್ನು ನಾನು ಅಂಗಡಿಯ ಗಲ್ಲೆಯ ಮೇಲೆ ಕೂತು ಎಷ್ಟು ಸಲ ನೋಡಿದ್ದೆನೋ ನನಗೇ ಗೊತ್ತಿಲ್ಲ.

ಗಜೇಂದ್ರಗಡದ ಸೀರೆ ವ್ಯಾಪಾರಿಯೊಬ್ಬರ ಹತ್ತಿರ ಒಂದು ಹಳೆಯ ಬಿಳಿ ಕಾರು ಸಿಕ್ಕಿತು. ಸ್ಟೆಪ್ನಿ ಒಂದು ಇರಲಿಲ್ಲ. ಡಿಕ್ಕಿಯ ಹಲಗೆ ಎತ್ತಿದರೆ ಸ್ಟೆಪ್ನಿ ಇರಬೇಕಾದ ದುಂಡನೆಯ ತಗ್ಗು ಖಾಲಿ ಬಿದ್ದಿತ್ತು. “ಆಮ್ಯಾಲೆ ಕೊಡ್ತೀನ್ರಿ” ಎಂದರು. ಇರಲಿ ಎಂದೆ. ನರೇಗಲ್ ಮೇಲೆ ಹಾಯ್ದು ರೋಣ ಮುಟ್ಟುವವರೆಗೆ ಕಾರು ಒಂದು ಮಾತೂ ಆಡಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಗಿರಿಜಾ ಕೂಡ ಆಡಲಿಲ್ಲ. ಇಬ್ಬರೂ ಇಷ್ಟು ಶಾಂತವಾಗಿದ್ದ ಪ್ರಯಾಣ ನಮ್ಮ ಸಂಸಾರದಲ್ಲಿ ಅದೊಂದೇ.

ಮನೆಯ ಮುಂದೆ ಕಾರಿಗೆ ಪೂಜೆ ಆಯಿತು. ಎಲ್ಲರೂ ಒಳಗೆ ಹೋದ ಮೇಲೆ ನಾನು ನಮ್ಮ ಮನೆಯ ಪದ್ಧತಿಯ ಪ್ರಕಾರ ಹರಕೆ ಹೊತ್ತೆ. ನಮ್ಮ ಅವ್ವ ಈಗಿಲ್ಲ, ಆದರೆ ಆಕೆ ಹಾಕಿಕೊಟ್ಟ ಪದ್ಧತಿ ಇದೆ. ಹರಕೆ ಬರೀ ಬಾಯಿಮಾತಿನಲ್ಲಿ ಹೇಳುವಂತಿಲ್ಲ. ಒಂದು ತೆಂಗಿನಕಾಯಿಗೆ ಅರಿಶಿನ ಕುಂಕುಮ ಹಚ್ಚಿ, ಯಾವುದರ ಸಲುವಾಗಿ ಹರಕೆಯೋ ಅದರ ಹತ್ತಿರವೇ ಎತ್ತಿಡಬೇಕು. ಕೆಲಸ ಕೈಗೂಡಿದ ಮೇಲೆ ಅದೇ ಕಾಯಿಯನ್ನು ಒಯ್ದು ದೇವರ ಮುಂದೆ ಒಡೆಯಬೇಕು. ಎಮ್ಮೆ ಈಯಲೆಂದು ಹರಕೆ ಹೊತ್ತರೆ ಕಾಯಿ ಎಮ್ಮೆಯ ಗೋದಲಿಯಲ್ಲಿ ಇರುತ್ತಿತ್ತು. ಕಾವ್ಯಾ ಹತ್ತನೆಯ ತರಗತಿಯ ಪರೀಕ್ಷೆಗೆ ಹೋದಾಗ ಆಕೆಯ ಚೀಲದಲ್ಲಿ ಇತ್ತು. ಹೀಗಾಗಿ, ಮಗಳು ಈ ಕಾರಿನಲ್ಲಿ ಸುಖವಾಗಿ ಮನೆ ಮುಟ್ಟಿದರೆ ಗಜೇಂದ್ರಗಡದ ಗುಡ್ಡದ ಕಾಲಕಾಲೇಶ್ವರನಿಗೆ ಕಾಯಿ ಒಡೆಸುತ್ತೇನೆ ಎಂದು ಬೇಡಿಕೊಂಡು ಕಾಯಿಯನ್ನು ಕಾರಿನಲ್ಲೇ ಎತ್ತಿಟ್ಟೆ. ಗಿರಿಜಾಳಿಗೆ ಹೇಳಲಿಲ್ಲ. ಆಕೆಯ ಕಣ್ಣಿಗೆ ಬಿದ್ದ ಕಾಯಿ ಮರುದಿನ ಚಟ್ನಿಯಾಗುತ್ತದೆ.

ಸದರಿ ಸಪ್ಪಳವು ಶುರುವಾದದ್ದು ಮಾರನೆಯ ಬೆಳಿಗ್ಗೆ.

ಗಿರಿಜಾಳನ್ನು ಹಿಂದೆ ಕೂಡಿಸಿಕೊಂಡು ಬೆಳವಣಕಿ ಕಡೆ ಒಂದು ಸುತ್ತು ಹೊರಟಿದ್ದೆ. ಮುಂದಿನ ಸೀಟಿನಲ್ಲಿ ಆಕೆ ಕೂತರೆ ನನ್ನ ಗಾಡಿಯನ್ನು ಆಕೆಯೇ ಹೊಡೆಯುತ್ತಾಳೆ, ಅದಕ್ಕೇ ಹಿಂದೆ. ಊರು ದಾಟಿ ಎಕ್ಸಲೇಟರ್ ಒತ್ತಿದೆ. ಗುಡುಗುಡುಗುಡು… ಠಕ್!

ಕಾಲು ತೆಗೆದೆ. ಸಪ್ಪಳವಿಲ್ಲ. ಮತ್ತೆ ಒತ್ತಿದೆ. ಗುಡುಗುಡುಗುಡು… ಠಕ್. ನಾನು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಕಣ್ಣು ಮುಚ್ಚಿ ಕೇಳಿಸಿಕೊಂಡೆ. ನಿಂತ ಇಂಜಿನ್ ಏನು ಹೇಳೀತು? ಆದರೂ ಕೊಡ ಬಡಿದಂತೆ ಅಲ್ಲಿಷ್ಟು ಇಲ್ಲಿಷ್ಟು ಬಡಿದು ನೋಡಿದೆ. ಕೈಗೆ ಬಿಸಿ ತಾಗಿತು.

“ಸಪ್ಪಳ ನನ್ನ ಬೆನ್ನ ಹಿಂದಿಂದ ಬರಾಕತ್ತೈತ್ರಿ” ಎಂದಳು ಗಿರಿಜಾ, ಕಿಟಕಿಯಿಂದ ತಲೆ ಹೊರಗೆ ಹಾಕಿ.

“ಇಂಜಿನ್ ಎಲ್ಲೈತಿ?”

“ಮುಂದೈತಿ.”

“ಎಕ್ಸಲೇಟರ್ ಒತ್ತಿದ್ರ ಯಾವುದಕ್ಕ ಮುಟ್ತೈತಿ?”

“ಇಂಜಿನ್‌ಗ.”

“ಮತ್ತ ಸಪ್ಪಳ ಹಿಂದ ಹ್ಯಾಂಗ ಬರ್ತೈತಿ? ಗೋಳಗುಮ್ಮಟದಾಗ ಆ ಕಡೆ ಪಿಸುಗುಟ್ಟಿದ್ರ ಈ ಕಡೆ ಕೇಳಂಗಿಲ್ಲೇನು? ಹಂಗ ಇದು.”

“ಗೋಳಗುಮ್ಮಟಕ್ಕ ಎಕ್ಸಲೇಟರ್ ಇಲ್ರಿ” ಎಂದು ಆಕೆ ತಲೆ ಒಳಗೆ ತೆಗೆದುಕೊಂಡಳು. ಸಪ್ಪಳದ ಶಾಸ್ತ್ರ ತಿಳಿಯದವರ ಜೊತೆ ವಾದ ಮಾಡಬಾರದು. ನಾನು ಬಾನೆಟ್ ಮುಚ್ಚಿದೆ.

ರೋಣಕ್ಕೆ ಮರಳಿದವನೇ ಗಾಡಿಯನ್ನು ದಾದಾಪೀರನ ಗ್ಯಾರೇಜಿಗೆ ಒಯ್ದೆ. ದಾದಾಪೀರ ನಮ್ಮ ಕಡೆಯ ಹೆಸರಾದ ಮೆಕ್ಯಾನಿಕ್. ಟ್ರ್ಯಾಕ್ಟರಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಎಲ್ಲವನ್ನೂ ಬಿಚ್ಚುತ್ತಾನೆ. ನಾನು ಸಪ್ಪಳವನ್ನು ಬಾಯಿಯಿಂದಲೇ ಮಾಡಿ ತೋರಿಸಿದೆ. ಚಹಾ ಕುಡಿಯಲು ಬಂದವರೆಲ್ಲ ನಿಂತು ಕೇಳಿದರು.

“ಇನ್ನೊಮ್ಮೆ ಮಾಡ್ರಿ ಸಾವ್ಕಾರ” ಎಂದ ದಾದಾಪೀರ.

ಮಾಡಿದೆ.

“ಕಡೀಕ ಠಕ್ ಅಂತೈತೇನು, ಟಕ್ ಅಂತೈತೇನು?”

ಇದು ಗಂಭೀರ ಪ್ರಶ್ನೆ. ಕಂಚೋ ಹಿತ್ತಾಳೆಯೋ ಎಂದು ಕೇಳಿದ ಹಾಗೆ. ಯೋಚಿಸಿ, “ಠಕ್” ಎಂದೆ. ದಾದಾಪೀರ ನಿಟ್ಟುಸಿರು ಬಿಟ್ಟ. ದವಾಖಾನೆಯಲ್ಲಿ ಡಾಕ್ಟರರು ಹೀಗೆ ಉಸಿರು ಬಿಟ್ಟರೆ ಜೊತೆಗೆ ಬಂದವರು ಅಳಲು ಶುರು ಮಾಡುತ್ತಾರೆ.

ಅವನು ಗಾಡಿಯನ್ನು ನಿಲ್ಲಿಸಿಯೇ ಇಂಜಿನ್ ಚಾಲೂ ಮಾಡಿ ಎಕ್ಸಲೇಟರ್ ಒತ್ತಿದ. ಇಂಜಿನ್ ಬುರ್ರೆಂದಿತು, ಗುಡುಗುಡು ಮಾತ್ರ ಇಲ್ಲ. ಮತ್ತಷ್ಟು ಒತ್ತಿದ. ಇಲ್ಲ. ನನಗೆ ನಾಚಿಕೆಯಾಯಿತು. ಮನೆಯಲ್ಲಿ ಕಿರುಚಾಡಿದ ಮಗು ಡಾಕ್ಟರ ಮುಂದೆ ನಗುತ್ತ ಕೂತಂತೆ ಆಗಿತ್ತು. ನಂತರ ಅವನು ರಸ್ತೆಯ ಮೇಲೆ ಓಡಿಸಿದ. ಗುಡುಗುಡುಗುಡು… ಠಕ್. ಇಬ್ಬರಿಗೂ ಬಹಳ ಸಂತೋಷವಾಯಿತು.

“ನಿಂತಾಗ ಇಲ್ಲ, ಓಡಿದಾಗ ಐತಿ. ಹಂಗಾರ ಇಂಜಿನ್ ಕೂತಿರೋ ರಬ್ಬರ್ ಹೋಗೈತ್ರಿ. ಇಂಜಿನ್ ಅಲ್ಲಾಡಾಕತ್ತೈತಿ” ಎಂದು ದಾದಾಪೀರ ತೀರ್ಪು ಕೊಟ್ಟ.

ರಬ್ಬರ್ ಬದಲಾಯಿತು. ಸದರಿ ಸಪ್ಪಳವು ಬದಲಾಗಲಿಲ್ಲ.

ಆ ಸಂಜೆ ನಾನು ಮತ್ತೊಂದು ಕಾಯಿ ತಂದೆ. ಹರಕೆಯಲ್ಲಿ ಸ್ವಲ್ಪ ಜಿಪುಣತನವಾಯಿತೇನೋ ಎಂಬ ಸಂಶಯ ಬಂದಿತ್ತು. ಒಬ್ಬ ಮಗಳು, ಒಂದು ಕಾರು, ಒಂದೇ ಕಾಯಿ ಎಂದರೆ ದೇವರಾದರೂ ಏನು ತಿಳಿದುಕೊಂಡಾನು? ಅರಿಶಿನ ಕುಂಕುಮ ಹಚ್ಚಿ, ಕಾರಿನಲ್ಲಿ ಮೊದಲನೆಯ ಕಾಯಿಯ ಪಕ್ಕ ಇಟ್ಟು, ಕೈ ಮುಗಿದು ಬಂದೆ.

ಮರುದಿನ ಸಪ್ಪಳ ಎರಡು ಪಟ್ಟಾಗಿತ್ತು.

ಈಗ ನಾನು ನಿಜವಾಗಿಯೂ ಗೊಂದಲಕ್ಕೆ ಬಿದ್ದೆ. ಗುಡುಗುಡು ಆದ ಮೇಲೆ ಒಂದು ಠಕ್ ಬರುತ್ತಿದ್ದ ಜಾಗದಲ್ಲಿ ಠಕ್ ಠಕ್ ಎಂದು ಬರುತ್ತಿತ್ತು. ದಾದಾಪೀರನೂ ಗೊಂದಲಕ್ಕೆ ಬಿದ್ದ, ಆದರೆ ಅವನು ಅದನ್ನು ಒಪ್ಪಿಕೊಳ್ಳದೆ ಕ್ಲಚ್ ಪ್ಲೇಟ್ ಬದಲಿಸಿದ. ನಾನು ಮೂರನೆಯ ಕಾಯಿ ಇಟ್ಟೆ. ಸಪ್ಪಳಕ್ಕೆ ಮೂರನೆಯ ಠಕ್ ಸೇರಿತು. ದಾದಾಪೀರ ಏನೇನೋ ಬೆಲ್ಟು ಬಿಗಿ ಮಾಡಿದ. ನನ್ನ ಭಕ್ತಿಯೂ ಅವನ ಸ್ಪ್ಯಾನರೂ ಪೈಪೋಟಿಗೆ ಬಿದ್ದಂತೆ ಕೆಲಸ ಮಾಡಿದವು. ಸಪ್ಪಳ ಮಾತ್ರ ಇಬ್ಬರನ್ನೂ ಸೋಲಿಸುತ್ತ ಹೋಯಿತು.

ಪಕ್ಕದ ಬಟ್ಟೆ ಅಂಗಡಿಯ ಚನ್ನಬಸಪ್ಪ ಒಂದು ಉಪಾಯ ಹೇಳಿದ. ಆತ ಜೀವನದಲ್ಲಿ ಸೈಕಲ್ಲನ್ನೂ ರಿಪೇರಿ ಮಾಡಿದವನಲ್ಲ.

“ಸಪ್ಪಳ ಹೋಗಬೇಕಂದ್ರ ಇಂಜಿನ್ ರಿಪೇರಿ ಆಗಬೇಕಂತ ಯಾರಂದ್ರು? ಕೇಳಸದಿದ್ರ ಸಾಕಿಲ್ಲೋ? ಬಾನೆಟ್ ಒಳಗ ಏನರ ಮೆತ್ತಗಿಂದು ಹಾಕು.”

ಅಪಾಯದಲ್ಲಿ ಇರುವವನಿಗೆ ಎಲ್ಲ ಮಾತೂ ಸರಿ ಅನ್ನಿಸುತ್ತದೆ. ಮನೆಯಲ್ಲಿ ಮೆತ್ತಗಿನದು ಎಂದರೆ ನನ್ನ ಅತ್ತೆ ಹೊಲಿದುಕೊಟ್ಟ ಕೌದಿ. ಹಳೆಯ ಸೀರೆಗಳ ತುಂಡುಗಳನ್ನು ಸೇರಿಸಿ, ಒಂದೊಂದೇ ಹೊಲಿಗೆ ಹಾಕಿ ಮಾಡಿದ ಕೌದಿ. ಗಿರಿಜಾ ಹಿತ್ತಲಿನಲ್ಲಿದ್ದಾಗ ಅದನ್ನು ತಂದು ಮಡಿಚಿ, ಇಂಜಿನ್ನಿನ ಮೇಲೆ ಹೊದಿಸಿ, ಬಾನೆಟ್ ಮುಚ್ಚಿ, ಅಂಗಡಿಯ ಮುಂದೆ ಹಾಯ್ದು ಹೋದೆ. ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ಯಾರೋ ಕೊಡದಲ್ಲಿ ನೀರು ತಂದು ಸುರಿದರು. ಕೊಡ ನಮ್ಮ ಅಂಗಡಿಯದೇ. ಹೊಗೆಯೊಳಗೂ ಅದನ್ನು ಗುರುತು ಹಿಡಿದೆ.

ಒಂದು ಮೂಲೆ ಕಪ್ಪಾದ ಕೌದಿಯನ್ನು ಗಿರಿಜಾ ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

“ಇದನ್ನ ಕೂಸಿಗೆ ಹಾಸಾಕಂತ ತಗದಿಟ್ಟಿದ್ನಿ” ಎಂದಳು. ನಂತರ ಹೇಳಿದಳು, “ನೋಡ್ರಿ, ಕುಬಸಕ್ಕ ನಾವಿಬ್ರು ಇದರಾಗ ಹೋಗೂಣು. ನಮಗೇನರ ಆಗಲಿ. ಖರೇ ಸಪ್ಪಳ ಹಿಂಗ ಇದ್ರ ನನ್ನ ಮಗಳು ಇದನ್ನ ಹತ್ತಂಗಿಲ್ಲ. ಬರಾಗ ಬಾಡಿಗಿ ಗಾಡಿ.”

ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಹೆಚ್ಚು ನೋವಾಗುವ ಸಂಗತಿ. ತುಂಬಿದ ಬಸುರಿಯನ್ನು ಇಂಥ ಗಾಡಿಯಲ್ಲಿ ಕೂಡಿಸುವ ಧೈರ್ಯ ನನಗೂ ಇರಲಿಲ್ಲ. ಹೊರಡುವ ಹಿಂದಿನ ದಿನ ಇನ್ನು ಬೇರೆ ದಾರಿ ಕಾಣದೆ ಒಮ್ಮೆಗೇ ಎರಡು ಕಾಯಿ ಇಟ್ಟೆ. ಒಟ್ಟು ಐದಾದವು. ಪಂಚಕಾಯಿ. ಇನ್ನು ದೇವರು ಇಲ್ಲ ಎನ್ನಲಾರ ಎಂದುಕೊಂಡೆ.

ನರಗುಂದದ ದಾರಿಯನ್ನು ನಾನು ವರ್ಣಿಸುವುದಿಲ್ಲ. ಎರೆಭೂಮಿಯ ಮೇಲಿನ ರಸ್ತೆ ಅಲ್ಲಲ್ಲಿ ಏಳುತ್ತ ಇಳಿಯುತ್ತ ಹೋಗುತ್ತದೆ. ಪ್ರತಿ ಏರಿಗೂ ಗುಡುಗುಡುಗುಡು, ಪ್ರತಿ ಇಳಿತಕ್ಕೂ ಗುಡುಗುಡುಗುಡು. ಕಡಲೆ ಹೊಲದಲ್ಲಿ ಬಗ್ಗಿದ್ದವರು ಎದ್ದು ನಿಂತು ಆಕಾಶ ನೋಡಿದರು. ಗಿರಿಜಾ ಕುಬಸದ ಹಸಿರು ಸೀರೆ, ಬಳೆ, ಉಡಿಯ ಸಾಮಾನುಗಳನ್ನೆಲ್ಲ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಉಡಿ ತುಂಬುವ ಸಾಮಾನನ್ನು ಡಿಕ್ಕಿಯಲ್ಲಿ ಹಾಕುವುದು ಆಕೆಗೆ ಸರಿಬರುವುದಿಲ್ಲ.

“ನನ್ನ ಬೆನ್ನ ಹಿಂದಿಂದನ ಬರಾಕತ್ತೈತ್ರಿ” ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ನಾನು ಎರಡು ಸಲ ಗೋಳಗುಮ್ಮಟ ನೆನಪಿಸಿದೆ, ಆಮೇಲೆ ಬಿಟ್ಟುಬಿಟ್ಟೆ.

ಬೀಗರು ವೀರಪ್ಪನವರು ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ನಾವು ಓಣಿಯ ತಿರುವಿನಲ್ಲಿ ಇದ್ದಾಗಲೇ ಅವರು ಕಟ್ಟೆಯಿಂದ ಎದ್ದು ನಿಂತಿದ್ದರು. ನಮಸ್ಕಾರವೂ ಇಲ್ಲ, ಕಾಲಿಗೆ ನೀರೂ ಇಲ್ಲ.

“ಬೀಗರ, ಇದೇನಿದು ಸಪ್ಪಳ?”

“ಸಣ್ಣದ್ರಿ. ಎಕ್ಸಲೇಟರ್ ಒತ್ತಿದಾಗಷ್ಟ.”

“ಎಕ್ಸಲೇಟರ್ ಒತ್ತದ ಗಾಡಿ ಹೆಂಗ ಹೊಡೀತೀರಿ?”

ಕುಬಸ ಚೆಂದಾಗಿ ನಡೆಯಿತು. ಹಸಿರು ಸೀರೆ ಉಟ್ಟು, ಕೈತುಂಬ ಬಳೆ ಇಟ್ಟುಕೊಂಡು ಉಡಿ ತುಂಬಿಸಿಕೊಳ್ಳಲು ಕೂತ ಕಾವ್ಯಾಳನ್ನು ನೋಡಿ ನನ್ನ ಕಣ್ಣು ಒದ್ದೆಯಾಯಿತು. ಅದಕ್ಕೆ ಅರ್ಧ ಕಾರಣ ಸಂತೋಷ, ಇನ್ನರ್ಧ ಕಾರು. ಊಟ ಆದ ಕೂಡಲೇ ವೀರಪ್ಪನವರು ಕೈ ಒರೆಸಿಕೊಂಡು ಚಾವಿ ಕೇಳಿದರು. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಗುಡ್ಡದ ಕಡೆ ಹೋಗಿ ಬಂದರು. ಮನೆಯ ಮುಂದೆ, ಎಲ್ಲ ಬೀಗರ ಎದುರಿಗೆ, ಗಾಡಿ ನಿಲ್ಲಿಸಿ ಇಳಿದು ಹೇಳಿದರು.

“ಕ್ರ್ಯಾಂಕ್ ಬೇರಿಂಗ್ ಹೋಗ್ಯಾವು. ಒಂದಲ್ಲ, ಎಲ್ಲಾನೂ. ಇಷ್ಟು ವರ್ಷ ಬಸ್ ಹೊಡದೀನಿ, ಇಂಥ ಸಪ್ಪಳ ಕೇಳಿಲ್ಲ. ಇಂಜಿನ್ ಯಾವ ಕ್ಷಣದಾಗರ ಒಡೀತೈತಿ. ನನ್ನ ಸೊಸೀನ ನಾ ಇದರಾಗ ಕಳಸಂಗಿಲ್ಲ.”

“ದಾದಾಪೀರ ರಬ್ಬರ್ ಅಂದಿದ್ನಲ್ರಿ…” ಎಂದೆ.

“ಬಾಡಿಗಿ ಗಾಡಿ ಹೇಳ್ತೀನಿ. ನೀವು ಇದನ್ನ ಇಲ್ಲೇ ಬಿಡ್ರಿ. ಗುಜರಿಯವರನ್ನ ಕರಸೂಣು.”

ಓಣಿಯ ಮಂದಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ನಾನು ಕಂಡಿದ್ದ ದೃಶ್ಯ ಪೂರಾ ಹಾಗೆಯೇ ಇತ್ತು, ನನ್ನನ್ನು ಬಿಟ್ಟು. ಗಿರಿಜಾ ಸೆರಗಿನಿಂದ ಮುಖ ಒರೆಸಿಕೊಂಡಳು. ವೀರಪ್ಪನವರು ಗಾಡಿಯನ್ನು ನೆರಳಿಗೆ ಹಾಕಲೆಂದು ಮತ್ತೆ ಹತ್ತಿದರು. ಮುಂದೆ ಜಗ್ಗಿ ಗಕ್ಕನೆ ನಿಲ್ಲಿಸಿದರು. ಗುಡುಗುಡುಗುಡು… ಠಕ್ ಠಕ್ ಠಕ್ ಠಕ್ ಠಕ್.

ಬಾಗಿಲಲ್ಲಿ ನಿಂತಿದ್ದ ಕಾವ್ಯಾ ಹೊಟ್ಟೆ ಹಿಡಿದುಕೊಂಡಳು. ಎಲ್ಲರೂ ಗಾಬರಿಯಾಗಿ ಆಕೆಯ ಕಡೆ ಓಡಿದೆವು. ನೋಡಿದರೆ ಆಕೆ ನಗುತ್ತಿದ್ದಳು. ಮಾತು ಹೊರಡದಷ್ಟು ನಗುತ್ತಿದ್ದಳು.

“ಅಪ್ಪಾ” ಎಂದಳು ಉಸಿರು ಹಿಡಿದುಕೊಂಡು, “ಹರಕೀ ಕಾಯಿ ಎಲ್ಲಿಟ್ಟಿ?”

ನಾನು ಅಂಜುತ್ತ ಗಿರಿಜಾಳ ಕಡೆ ನೋಡಿದೆ.

“ಇದು ನನ್ನ ಸಾಲೀ ಚೀಲದ ಸಪ್ಪಳ ಅಪ್ಪಾ. ಹತ್ತನೇತ್ತೆ ಪರೀಕ್ಷೆದಾಗ ಚೀಲದಿಂದ ಕಾಯಿ ಉರುಳಿ ಮಾಸ್ತರ ಕಾಲಿಗೆ ಹೋಗಿ ಬಡದಿತ್ತು, ಮರತಿ ಏನು? ಪರೀಕ್ಷಾ ಬಿಟ್ಟು ಎಲ್ಲಾರೂ ಎದ್ದು ನಿಂತಿದ್ರು. ಆ ಸಪ್ಪಳ ನಾ ಸಾಯೂತನ ಮರಿಯಂಗಿಲ್ಲ.”

ನಾನು ಮೆಲ್ಲಗೆ ಹೋಗಿ ಡಿಕ್ಕಿ ತೆರೆದೆ. ಹಲಗೆ ಎತ್ತಿದೆ. ಸ್ಟೆಪ್ನಿ ಇರಬೇಕಾದ ದುಂಡನೆಯ ತಗ್ಗಿನಲ್ಲಿ, ಬರೀ ತಗಡಿನ ಮೇಲೆ, ಅರಿಶಿನ ಕುಂಕುಮ ಹಚ್ಚಿಕೊಂಡ ಐದು ತೆಂಗಿನಕಾಯಿ ಒಂದೇ ಮೂಲೆಗೆ ಸೇರಿ ನನ್ನನ್ನು ನೋಡುತ್ತಿದ್ದವು. ತಗಡಿನ ತಗ್ಗು, ಅದರೊಳಗೆ ಗುಂಡನೆಯ ಕಾಯಿ. ಭಾಂಡೆ ಅಂಗಡಿಯವನಿಗೆ ಇದಕ್ಕಿಂತ ಹೆಚ್ಚಿಗೆ ಏನು ಹೇಳಬೇಕು? ಎಕ್ಸಲೇಟರ್ ಒತ್ತಿದರೆ ಅವು ಹಿಂದೆ ಓಡಬೇಕು, ಬ್ರೇಕ್ ಹಾಕಿದರೆ ಮುಂದೆ ಓಡಬೇಕು. ನಾನು ಪ್ರತಿ ಸಲ ಹಲಗೆ ಎತ್ತಿ, ಹೊಸ ಕಾಯಿ ಇಟ್ಟು, ಸಪ್ಪಳ ನಿಲ್ಲಲಿ ಎಂದು ಆ ಸಪ್ಪಳಕ್ಕೇ ಕೈ ಮುಗಿದು ಬಂದಿದ್ದೆ.

ಮೊದಲು ಬಾಯಿ ತೆರೆದವರು ವೀರಪ್ಪನವರು. ಅವರಿಗೂ ಮಾನದ ಪ್ರಶ್ನೆ.

“ಕ್ರ್ಯಾಂಕ್ ಬೇರಿಂಗ್ ಹೋದ್ರೂ ಡಿಟ್ಟೋ ಹಿಂಗ ಬರ್ತೈತಿ” ಎಂದರು, ಮತ್ತು ಒಳಗೆ ಹೋಗಿ ನೀರು ಕುಡಿದರು.

ಗಿರಿಜಾ ಕಾಯಿಗಳನ್ನು ಎಣಿಸಿದಳು. ನನ್ನ ಮುಖ ನೋಡಿದಳು. ಮತ್ತೆ ಕಾಯಿ ನೋಡಿದಳು.

“ನನ್ನ ಬೆನ್ನ ಹಿಂದ” ಎಂದಳು. ಅಷ್ಟೇ.

ಹಾಗೆಂದು ಕಾಯಿಗಳನ್ನು ಅಲ್ಲೇ ಬಿಟ್ಟು ಹೋಗುವಂತಿರಲಿಲ್ಲ. ಮಗಳು ಮನೆ ಮುಟ್ಟುವವರೆಗೆ ಅವು ಗಾಡಿಯಲ್ಲೇ ಇರಬೇಕು, ಹರಕೆ ಹರಕೆಯೇ. ಗಿರಿಜಾ ಮೂಲೆ ಸುಟ್ಟ ಕೌದಿಯನ್ನು ಮಗಳ ಬೆನ್ನಿಗೆ ಆಸರೆಯಾಗಲೆಂದು ತಂದಿದ್ದಳು. ಅದನ್ನೇ ಕಾಯಿಗಳಿಗೆ ಸುತ್ತಿ ಗಂಟು ಕಟ್ಟಿದಳು. ನಾನು ಬಾಗಿಲು ತೆಗೆದೆ. ಕಾವ್ಯಾ ಹತ್ತಿ ಕೂತಳು. ಓಣಿಯ ಮಂದಿ ಕಟ್ಟೆಯ ಮೇಲಿನಿಂದ ನೋಡಿದರು, ಆದರೆ ಅವರು ನೋಡಿದ್ದು ಮಗಳನ್ನಲ್ಲ, ಡಿಕ್ಕಿಯನ್ನು. ರೋಣದವರೆಗೆ ಕಾರು ಒಂದು ಮಾತೂ ಆಡಲಿಲ್ಲ. ಕಾವ್ಯಾ ಮಾತ್ರ ಪ್ರತಿ ಏರಿನಲ್ಲಿ ಮೆಲ್ಲಗೆ “ಗುಡುಗುಡು” ಎಂದು ನಗುತ್ತಿದ್ದಳು. ನನಗೆ ಸಿಟ್ಟು ಬರಲಿಲ್ಲ. ಆಕೆ ನನ್ನ ಕಾರಿನಲ್ಲಿ ಕೂತಿದ್ದಳು, ಸಾಕಾಗಿತ್ತು.

ಹರಕೆ ತೀರಿಸಲು ಹೊರಟ ದಿನ ಕಾರಿನ ಚಾವಿ ಹುಡುಕಿದೆ. ಅದು ಗಿರಿಜಾಳ ಸೊಂಟದಲ್ಲಿ ಇತ್ತು.

“ಬಸ್ಸಿಗೆ ಹೋಗ್ರಿ” ಎಂದಳು. “ಆ ಗಾಡ್ಯಾಗ ಇನ್ನ ಒಂದು ಕಾಯಿನೂ ಹತ್ತಬಾರದು.”

ಕಾಯಿಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ಚೀಲವನ್ನು ಸೀಟಿನ ಕೆಳಗಿಟ್ಟು ಕಣ್ಣು ಮುಚ್ಚಿದೆ. ನರೇಗಲ್ ದಾಟಿ ಒಂದು ಏರು ಬಂತು. ಡ್ರೈವರ್ ಎಕ್ಸಲೇಟರ್ ಒತ್ತಿದ. ಗುಡುಗುಡುಗುಡು… ಠಕ್.

ಡ್ರೈವರ್ ತಿರುಗಿ ನೋಡಿದ. “ಏನಪಾ ಅದು? ಇಂಜಿನ್‌ದಾಗ ಏನೋ ಬಿಟ್ಟಂಗ ಆತಲ್ಲ” ಎಂದು ಕಂಡಕ್ಟರನಿಗೆ ಹೇಳಿದ.

“ಬೇರಿಂಗ್ ಇರಬೇಕು. ಡಿಪೋಕ್ಕ ಹೇಳೂಣು” ಎಂದ ಕಂಡಕ್ಟರ್.

ನಾನು ಬಗ್ಗಿ ನೋಡಿದೆ. ಚೀಲದ ಬಾಯಿ ಬಿಚ್ಚಿತ್ತು. ದೇವರ ಕಾಯಿಗೆ ಕಾಲು ಅಡ್ಡ ಕೊಡುವಂತಿಲ್ಲ. ಸೀಟುಗಳ ಕೆಳಗೆ ನುಸುಳಿ, ಮಂದಿಯ ಕಾಲಿನ ಸಂದಿಯಿಂದ ಒಂದೊಂದೇ ಕಾಯಿ ಹಿಡಿದು ತಂದು, ಹೆಗಲ ಮೇಲಿನ ಟವೆಲ್ಲನ್ನು ತೊಡೆಯ ಮೇಲೆ ಹಾಸಿ ಅದರಲ್ಲಿ ಇಟ್ಟುಕೊಂಡೆ. ಪಕ್ಕದ ಸೀಟಿನ ಮುದುಕಿ ನನ್ನ ಮಡಿಲನ್ನೂ ಮುಖವನ್ನೂ ನೋಡಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಕುಬಸಕ್ಕೆ ಕೂತ ಹೆಣ್ಣುಮಗಳಿಗೂ ನನಗೂ ಹಸಿರು ಸೀರೆಯೊಂದೇ ವ್ಯತ್ಯಾಸ.

ಮುಂದಿನ ಏರಿನಲ್ಲಿ ಬಸ್ಸು ಸುಮ್ಮನೆ ಹತ್ತಿತು.

“ಸಪ್ಪಳ ತಾನ ನಿಂತಿತು ನೋಡು” ಎಂದ ಡ್ರೈವರ್, ಬಹಳ ಸಮಾಧಾನದಿಂದ.

ಆಯುಷ್ಯದಲ್ಲಿ ನಾನು ರಿಪೇರಿ ಮಾಡಿದ ಇಂಜಿನ್ ಅದೊಂದೇ. ಉಡಿ ತುಂಬ ಕಾಯಿ ಹಿಡಿದುಕೊಂಡು, ಯಾರಿಗೂ ಹೇಳದೆ, ಗಜೇಂದ್ರಗಡದವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತೆ.